ಬಾಯಿ ನೋಡಿ ಮೀನು ತಂದೆ

ಅಂಗಡಿಯಲ್ಲಿ ನೋಡಿದಾಗ ಅದು ನನ್ನ ಅಂಗೈಗಿಂತ ಚಿಕ್ಕದಿತ್ತು. ಕಡುನೀಲಿ ಮೈ. ಬಾಲದ ಹತ್ತಿರ ಒಂದು ಬಿಳಿ ಉಂಗುರ, ಅದರ ಸುತ್ತ ಇನ್ನೊಂದು, ಅದರ ಸುತ್ತ ಮತ್ತೊಂದು. ಕೆರೆಗೆ ಕಲ್ಲು ಹಾಕಿದಾಗ ಏಳುವ ಅಲೆಗಳ ಹಾಗೆ. ಎಂಪರರ್ ಏಂಜೆಲ್ ಮೀನಿನ ಮರಿ. "ಮರಿಯಿಂದಲೇ ಸಾಕಿದರೆ ಹವಳಕ್ಕೆ ಬಾಯಿ ಹಾಕಲ್ಲ" ಅಂತ ಅಂಗಡಿಯವರು ಹೇಳಿದರು. ನಾನು ನಂಬಿ ಮನೆಗೆ ತಂದೆ.

ನಾವಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಉಪ್ಪುನೀರಿನ ಹವಳದ ಟ್ಯಾಂಕ್ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. 180 ಗ್ಯಾಲನ್, ಅಂದರೆ ಸುಮಾರು 680 ಲೀಟರ್. ನೀರು, ಗಾಜು, ಕಲ್ಲು ಎಲ್ಲ ಸೇರಿದರೆ ಒಂದು ಟನ್ ಹತ್ತಿರ ತೂಗುತ್ತದೆ. ಮನೆ ಕಾಂಕ್ರೀಟ್ ಸ್ಲ್ಯಾಬ್ ಮೇಲೆ ಕೂತಿರುವುದರಿಂದ ನೆಲ ತಡೆಯುತ್ತದೋ ಇಲ್ಲವೋ ಅನ್ನುವ ಚಿಂತೆ ಇರಲಿಲ್ಲ. ಮೊದಲ ವರ್ಷ ಹವಳ ಮತ್ತು ಸಣ್ಣ ಮೀನು ಮಾತ್ರ ಇಟ್ಟಿದ್ದೆ. ಹಿಂದೆ ಒಮ್ಮೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿದ್ದೆ. ಕಲ್ಲಿನ ಸಂದಿಯಿಂದ ಒಂದು ದೊಡ್ಡ ಮೀನು ಹೊರಬಂದು, ಒಂದು ಕ್ಷಣ ನಿಂತು ನನ್ನನ್ನು ನೋಡಿ ಹೋಗಿತ್ತು. ಆ ನೋಟ ಮನೆಯಲ್ಲೂ ಬೇಕು ಅನ್ನಿಸಿತ್ತು.

ಮೂರು ತಿಂಗಳು ಎಂಪರರ್ ಏನೂ ಮಾಡಲಿಲ್ಲ. ನಾಲ್ಕನೇ ತಿಂಗಳು ಹೂವಿನ ಹಾಗೆ ಅರಳುವ, ಹವಳದ ಬಳಗದ ಝೋವಾಂತಿಡ್‌ಗಳು ಹಗಲಲ್ಲೂ ಅರಳದೆ ಮುಚ್ಚಿಕೊಂಡೇ ಇರತೊಡಗಿದವು. ನೀರು ಪರೀಕ್ಷೆ ಮಾಡಿದೆ, ಎಲ್ಲ ಸರಿಯಿತ್ತು. ಒಂದು ಭಾನುವಾರ ಬೆಳಿಗ್ಗೆ ಟ್ಯಾಂಕ್ ಮುಂದೆ ಒಂದು ಗಂಟೆ ಅಲುಗಾಡದೆ ಕೂತೆ. ಆಗ ಗೊತ್ತಾಯಿತು. ಮೀನು ಸುಮ್ನೆ ಅಡ್ಡಾಡುವ ಹಾಗೆ ಬರುತ್ತಿತ್ತು. ಮ್ಯಾಕ್ಸಿಮಾ ಕ್ಲ್ಯಾಮ್ ಅನ್ನುವ ಕಪ್ಪೆಚಿಪ್ಪಿನ ಮೇಲೆ ಬಂದಾಗ ತಲೆ ಸ್ವಲ್ಪ ಓರೆ ಮಾಡುತ್ತಿತ್ತು. ಒಂದೇ ಒಂದು ಕುಟುಕು. ಕ್ಲ್ಯಾಮ್ ಫಟ್ಟನೆ ಚಿಪ್ಪು ಮುಚ್ಚಿಕೊಳ್ಳುತ್ತಿತ್ತು, ಮೀನು ಮುಂದೆ ಹೋಗುತ್ತಿತ್ತು. ಐದು ನಿಮಿಷ ಬಿಟ್ಟು ಮತ್ತೆ ಒಂದು. ಟಾರ್ಚ್ ಹಾಕಿ ನೋಡಿದರೆ ಕ್ಲ್ಯಾಮ್‌ನ ನೀಲಿ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಸಣ್ಣ ಸಣ್ಣ ಕಚ್ಚುಗಳು. ಮೂರು ವಾರದಲ್ಲಿ ಕ್ಲ್ಯಾಮ್ ಸತ್ತಿತು. ನನಗೆ ತುಂಬಾ ನೋವಾಯಿತು. ಅದನ್ನು ಎರಡು ಇಂಚು ಇದ್ದಾಗಿನಿಂದ ಬೆಳೆಸಿದ್ದೆ.

ಎಂಪರರ್‌ ಹಿಡಿಯಲು ಎರಡು ವಾರ ಬೇಕಾಯಿತು. ಕಲ್ಲಿನ ನಡುವೆ ಬಲೆ ನಡೆಯುವುದಿಲ್ಲ. ಅಕ್ರಿಲಿಕ್ ಬೋನು ಇಳಿಸಿ, ದಿನವೂ ಅದರೊಳಗೇ ಊಟ ಹಾಕಿ, ಭಯ ಹೋದ ಮೇಲೆ ದಾರ ಎಳೆದು ಬಾಗಿಲು ಬೀಳಿಸಿದೆ. ಹವಳ ಇಲ್ಲದ ದೊಡ್ಡ ಟ್ಯಾಂಕ್ ಇಟ್ಟಿದ್ದ ಒಬ್ಬರಿಗೆ ಕೊಟ್ಟೆ. ಮೀನಿನ ತಪ್ಪೇನಿಲ್ಲ. ಸಮುದ್ರದಲ್ಲಿ ಅದು ಮುಖ್ಯವಾಗಿ ತಿನ್ನುವುದು ಸ್ಪಂಜು. ಕಲ್ಲಿಗೆ ಅಂಟಿಕೊಂಡ ಮೆತ್ತನೆಯದನ್ನು ಕಿತ್ತು ತಿನ್ನಲೆಂದೇ ಆ ಬಾಯಿ ಇರುವುದು. ನನ್ನ ಟ್ಯಾಂಕಿನಲ್ಲಿ ಮೆತ್ತಗಿದ್ದದ್ದು ನನ್ನ ಝೋವಾಂತಿಡ್ ಮತ್ತು ಕ್ಲ್ಯಾಮ್. ಇನ್ನೇನು ಮಾಡೀತು, ಅಲ್ವಾ?

ಅಲ್ಲಿಂದ ಮುಂದೆ ಬಣ್ಣ ಆಮೇಲೆ, ಬಾಯಿ ಮೊದಲು ಅಂತ ಮಾಡಿಕೊಂಡೆ. ಈ ಮೀನು ಸಮುದ್ರದಲ್ಲಿ ಏನು ತಿನ್ನುತ್ತದೆ? ಎಲ್ಲಿ ತಿನ್ನುತ್ತದೆ? ಕಲ್ಲಿನ ಮೇಲಿನ ಪಾಚಿಯನ್ನೋ, ತೆರೆದ ನೀರಿನಲ್ಲಿ ತೇಲಿ ಬರುವ ಪ್ಲಾಂಕ್ಟನ್ ಅನ್ನುವ ಪುಟ್ಟ ಜೀವಿಗಳನ್ನೋ, ಹವಳವನ್ನೋ? ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಏಂಜೆಲ್ ಬೇಕೇ ಬೇಕು ಅಂತ ಇತ್ತು. ಜೆನಿಕ್ಯಾಂತಸ್ ಅನ್ನುವ ಕುಲದವು ಉಳಿದ ಏಂಜೆಲ್‌ಗಳ ಹಾಗಲ್ಲ, ತೆರೆದ ನೀರಿನಲ್ಲಿ ಪ್ಲಾಂಕ್ಟನ್ ಹಿಡಿದು ತಿನ್ನುತ್ತವೆ. ಅದರಲ್ಲಿ ಲಮಾರ್ಕ್ ಏಂಜೆಲ್ ತಂದೆ. ಬೆಳ್ಳಿ ಮೈ ಮೇಲೆ ಉದ್ದುದ್ದ ಕಪ್ಪು ಪಟ್ಟೆ, ಬಾಲದ ತುದಿಗಳು ದಾರದ ಹಾಗೆ ಉದ್ದ, ಗಂಡಿಗೆ ಹಣೆಯ ಮೇಲೆ ಹಳದಿ ಚುಕ್ಕೆ. ಬಂದು ಮೂರು ವರ್ಷ ಆಯಿತು, ಒಂದು ಹವಳಕ್ಕೂ ಬಾಯಿ ಹಾಕಿಲ್ಲ. ಟ್ರಿಗರ್ ಮೀನಿನಲ್ಲೂ ಇದೇ ಲೆಕ್ಕ. ಕ್ಲೌನ್ ಟ್ರಿಗರ್‌ಗೆ ಏಡಿ, ಚಿಪ್ಪು ಒಡೆಯುವ ಹಲ್ಲು. ಬ್ಲೂ ಜಾ ಟ್ರಿಗರ್ ಪ್ಲಾಂಕ್ಟನ್ ತಿನ್ನುವುದು, ಬಾಯಿ ಸ್ವಲ್ಪ ಮೇಲ್ಮುಖ. ಗಂಡಿನ ದವಡೆ ಕೆಳಗೆ ನೀಲಿ, ರೆಕ್ಕೆಯ ಅಂಚು ಹಳದಿ. ಆದರೂ ಟ್ರಿಗರ್ ಟ್ರಿಗರೇ. ಅದು ಬರುವುದಕ್ಕೆ ಮೊದಲೇ ಕ್ಲೀನರ್ ಸಿಗಡಿಗಳನ್ನು ಬಿಟ್ಟು ನೆಲೆಯೂರಲು ಬಿಟ್ಟಿದ್ದೆ. ಆಮೇಲೆ ಹೊಸದಾಗಿ ಹಾಕಿದ ಸಿಗಡಿಯನ್ನು ಅದು ಊಟ ಅಂದುಕೊಳ್ಳುವ ಸಾಧ್ಯತೆ ಜಾಸ್ತಿ.

ಪಾಚಿ ತಿನ್ನಲು ಫಾಕ್ಸ್‌ಫೇಸ್ ಮತ್ತು ಹಳದಿ ಟ್ಯಾಂಗ್ ಮೀನು ತಂದೆ. ಹಳದಿ ಟ್ಯಾಂಗ್ ಮೊದಲೆಲ್ಲ ಹವಾಯಿಯ ಸಮುದ್ರದಿಂದಲೇ ಬರುತ್ತಿತ್ತು. 2021ರ ಹೊತ್ತಿಗೆ ಅಲ್ಲಿ ಮಾರಾಟಕ್ಕೆ ಹಿಡಿಯುವುದು ನಿಂತಿತು. 2015ರಲ್ಲಿ ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್‌ನವರು ಮೊದಲ ಬಾರಿಗೆ ಅದನ್ನು ಮೊಟ್ಟೆಯಿಂದ ಬೆಳೆಸಿದರು. ನನ್ನದು ಹಾಗೆ ಹ್ಯಾಚರಿಯಲ್ಲಿ ಬೆಳೆದದ್ದು. ಬೆಲೆ ಜಾಸ್ತಿ ಆದರೂ ಮೊದಲ ದಿನದಿಂದಲೇ ಊಟ ತಿಂದಿತು.

ನಾಸೋ ಟ್ಯಾಂಗ್ ಬಹಳ ಆಸೆಯಿತ್ತು, ಬಿಟ್ಟೆ. ಅಂಗಡಿಯಲ್ಲಿ ಐದು ಇಂಚು ಇರುವುದು 45 ಸೆಂ.ಮೀ. ಆಗುತ್ತದೆ, ದಿನವಿಡೀ ಈಜುತ್ತದೆ. ಆರಡಿ ಸಾಕು ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. "ದೊಡ್ಡದಾದಾಗ ಬೇರೆಯವರಿಗೆ ಕೊಡೋಣ" ಅನ್ನುವುದು ಯೋಜನೆಯಲ್ಲ. ಎಂಪರರ್‌ಗೆ ಮನೆ ಹುಡುಕುವಾಗ ಅದು ಎಷ್ಟು ಕಷ್ಟ ಅಂತ ನೋಡಿದ್ದೇನೆ.

ಕೊನೆಗೆ ಪೌಡರ್ ಬ್ಲೂ ಟ್ಯಾಂಗ್. ನಮ್ಮ ಹಿಂದೂ ಮಹಾಸಾಗರದ ಮೀನು. ತಿಳಿನೀಲಿ ಮೈ, ಕಪ್ಪು ಮುಖ, ಬೆನ್ನಿನ ರೆಕ್ಕೆ ಹಳದಿ. ಜಗಳಗಂಟ, ರೋಗವೂ ಬೇಗ ತಗಲುತ್ತದೆ. ಬೇರೆ ಕ್ವಾರಂಟೈನ್ ಟ್ಯಾಂಕ್‌ನಲ್ಲಿ ಇಟ್ಟ ಐದನೇ ದಿನಕ್ಕೆ ರೆಕ್ಕೆಯ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಇಚ್ ಅನ್ನುವ ಪರಾವಲಂಬಿ ರೋಗ. ಅಲ್ಲೇ ತಾಮ್ರದ ಔಷಧಿ ಹಾಕಿ, ದಿನವೂ ಅಳೆದು 2.25 ಪಿಪಿಎಂ (ಲೀಟರಿಗೆ 2.25 ಮಿ.ಗ್ರಾಂ) ಹತ್ತಿರ ಹಿಡಿದು 30 ದಿನ ಇಟ್ಟೆ. ಹವಳದ ಟ್ಯಾಂಕಿಗೆ ತಾಮ್ರ ಹಾಕುವ ಹಾಗಿಲ್ಲ, ಹವಳ, ಸಿಗಡಿ ಎಲ್ಲ ಸಾಯುತ್ತವೆ. ಹಾಗಾಗಿ ದೊಡ್ಡ ಮೀನು ತರುವವರಿಗೆ ಕ್ವಾರಂಟೈನ್ ಟ್ಯಾಂಕ್ ಇರಲೇಬೇಕು. ಈ ಒಂದು ಮಾತಿನಲ್ಲಿ ನಾನು ಸಡಿಲ ಬಿಡುವುದಿಲ್ಲ.

ಜಗಳ ಬಂದದ್ದು ಅದರ ನಂತರ. ಟ್ಯಾಂಗ್‌ಗಳ ಬಾಲದ ಬುಡದಲ್ಲಿ ಎರಡೂ ಕಡೆ ಬ್ಲೇಡಿನಂಥ ಮುಳ್ಳು ಇರುತ್ತದೆ. ಹಳದಿಗೆ ಅದು ಬಿಳಿ, ಎದ್ದು ಕಾಣುತ್ತದೆ. ಪೌಡರ್ ಬ್ಲೂ ನೀರಿಗೆ ಇಳಿದ ಹತ್ತೇ ನಿಮಿಷಕ್ಕೆ ಹಳದಿ ಪಕ್ಕಕ್ಕೆ ಬಂದು ಬಾಲ ಬೀಸಿತು. ನೀಲಿ ಮೈ ಮೇಲೆ ಬೆರಳುದ್ದ ಬಿಳಿ ಗೀರು. ಮಗಳು ಓಡಿ ಬಂದು, "ಅಪ್ಪಾ, ಹಳದಿ ಹೊಡೀತಾ ಇದೆ!" ಅಂದಳು. ಐದು ತಿಂಗಳಿಂದ ಟ್ಯಾಂಕೆಲ್ಲ ತನ್ನದು ಅಂದುಕೊಂಡಿದ್ದ ಮೀನು ಅದು. ಎರಡನ್ನೂ ಒಂದೇ ದಿನ ಬಿಡಬೇಕಿತ್ತು, ಇಲ್ಲವಾದರೆ ಹಳದಿಯನ್ನು ಕೊನೆಗೆ ತರಬೇಕಿತ್ತು.

ಪೌಡರ್ ಬ್ಲೂವನ್ನು ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ ಹಾಕಿ ಟ್ಯಾಂಕ್ ಒಳಗೇ ತೂಗು ಹಾಕಿದೆ. ಇನ್ನೊಂದು ತುದಿಯ ಗಾಜಿಗೆ ಹೊರಗಿನಿಂದ ಕನ್ನಡಿ ಅಂಟಿಸಿದೆ. ಹಳದಿ ಎರಡು ದಿನ ಪೆಟ್ಟಿಗೆ ಗುದ್ದಿತು, ಮೂರನೇ ದಿನದಿಂದ ಕನ್ನಡಿಯ ಕಡೆ ಹೋಗತೊಡಗಿತು. ಏಳನೇ ದಿನ ಇಬ್ಬರೂ ಪೆಟ್ಟಿಗೆಯ ಆಚೀಚೆ ಸುಮ್ಮನಿದ್ದರು. ಎಂಟನೇ ದಿನ ಎರಡು ಮೂರು ಕಲ್ಲು ಜಾಗ ಬದಲಿಸಿ, ಲೈಟ್ ಆರಿದ ಮೇಲೆ ಬಿಟ್ಟೆ. ಬೆಳಿಗ್ಗೆ ಒಂದಷ್ಟು ಅಟ್ಟಾಟ ಇತ್ತು. ಗಾಯ ಆಗಲಿಲ್ಲ.

ಉಳಿದ ಜಗಳ ಬಿಡಿಸಿದ್ದು ಅಮ್ಮ. ಕುಮಟಾದಿಂದ ಬಂದು ಆರು ತಿಂಗಳು ಇದ್ದರು. ಕೊರಿಯನ್ ಅಂಗಡಿಯಿಂದ ಉಪ್ಪು-ಎಣ್ಣೆ ಹಚ್ಚದ ನೋರಿ (ಒಣಗಿಸಿದ ಕಡಲಪಾಚಿ) ಹಾಳೆ ತಂದು ಕ್ಲಿಪ್‌ಗೆ ಸಿಕ್ಕಿಸುವುದು ಅವರ ಕೆಲಸವಾಯಿತು. ಒಂದು ವಾರ ನೋಡಿ ಹೇಳಿದರು: "ಹಳದೀದು ಅಷ್ಟೂ ತಿಂತದೆ ಮಗಾ, ಆ ಕಪ್ಪು ಮುಖದ್ದಕ್ಕೆ ಸಿಗ್ತಾ ಇಲ್ಲ. ಆಚೆ ಬದಿಗೂ ಒಂದು ಹಾಕು." ಹಾಕಿದೆ. ಎರಡು ತುದಿಗೆ ಎರಡು ಕ್ಲಿಪ್. ಅಂದಿನಿಂದ ಅಟ್ಟಾಟ ಬಹಳ ಕಡಿಮೆಯಾಯಿತು. ಫಾಕ್ಸ್‌ಫೇಸ್‌ನ ಬೆನ್ನಿನ ಮುಳ್ಳು ನೋಡಿದ್ದೇ, ಕೈ ಹಾಕುವಾಗ ಜೋಪಾನ ಅಂತಲೂ ಎಚ್ಚರಿಸಿದರು. ಅದು ವಿಷದ ಮುಳ್ಳೇ. ಚುಚ್ಚಿದರೆ ತಡೆಯುವಷ್ಟು ಬಿಸಿನೀರಲ್ಲಿ ಕೈ ಇಟ್ಟುಕೊಳ್ಳಬೇಕು, ಜಾಸ್ತಿಯಾದರೆ ಡಾಕ್ಟರ್ ಹತ್ತಿರ ಹೋಗಬೇಕು.

ಐದು ದೊಡ್ಡ ಮೀನಿಗೆ ಊಟ ಜಾಸ್ತಿ, ಕೊಳೆಯೂ ಜಾಸ್ತಿ. ನೈಟ್ರೇಟ್ 5ರಿಂದ 25 ಪಿಪಿಎಂಗೆ ಏರಿತು. ನೊರೆಯ ಜೊತೆ ಕೊಳೆ ತೆಗೆಯುವ ದೊಡ್ಡ ಸ್ಕಿಮ್ಮರ್ ಹಾಕಿದ ಮೇಲೆ 10-15ರಲ್ಲಿ ನಿಂತಿದೆ. ಹವಳಗಳು ಚೆನ್ನಾಗಿವೆ.

ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಇದನ್ನೇ ಮಾಡುತ್ತೇನೆ ಅಂದ. ಬೇಡ ಅಂದೆ. ಭಾರತದಲ್ಲಿ 2001ರಿಂದ ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ. ಯಾರೋ ಮಾರುತ್ತಾರೆ ಅಂತ ಕೊಳ್ಳುವ ಹಾಗಿಲ್ಲ. ಹವಳ ಇಲ್ಲದ, ಬರೀ ಮೀನಿನ ಟ್ಯಾಂಕ್ ಮಾಡು, ಎಂಟಡಿ ಮಾಡುವುದಾದರೆ ಎಂಪರರ್ ಸಾಕಬಹುದು ಅಂದೆ. ಅಲ್ಲಿ ಆ ಬಾಯಿಗೆ ಕೆಡಿಸಲು ಏನೂ ಇರುವುದಿಲ್ಲ.

ನಿನ್ನೆ ರಾತ್ರಿ ಲೈಟ್ ಆರಿ ಒಂದು ಗಂಟೆಯಾದ ಮೇಲೆ ಟಾರ್ಚ್ ಹಿಡಿದು ನೋಡಿದೆ. ಹಳದಿ ಟ್ಯಾಂಗ್ ಬಣ್ಣ ಮಾಸಿ, ಪಕ್ಕೆಯ ಮೇಲೆ ಬಿಳಿ ಪಟ್ಟೆ ಬಂದಿತ್ತು. ರಾತ್ರಿ ಅದಕ್ಕೆ ಹಾಗಾಗುತ್ತದೆ. ಫಾಕ್ಸ್‌ಫೇಸ್ ಕಂದು ಮಚ್ಚೆಗಳಾಗಿ ಕಲ್ಲಿನಲ್ಲಿ ಕಲ್ಲಾಗಿತ್ತು. ಟ್ರಿಗರ್ ಬೆನ್ನಿನ ಮುಳ್ಳು ಸೆಟೆಸಿ ಬಿಲದಲ್ಲಿ ಸಿಕ್ಕಿಸಿಕೊಂಡು ಮಲಗಿತ್ತು. ಲಮಾರ್ಕ್‌ನ ಬಾಲದ ದಾರ ಮಾತ್ರ ಸಂದಿಯಿಂದ ಹೊರಗೆ ಕಾಣುತ್ತಿತ್ತು. ಪೌಡರ್ ಬ್ಲೂ ಹಳದಿಯಿಂದ ಒಂದು ಗೇಣು ಆಚೆ, ಅದೇ ಕಲ್ಲಿಗೆ ಒರಗಿತ್ತು. ಹಳೆಯ ಗೀರು ಎಲ್ಲಿತ್ತು ಅಂತ ಹುಡುಕಿದೆ, ಸಿಗಲಿಲ್ಲ.