ಉಂಡೆಯಾಗುವ ಹುಳ ಸಿಕ್ಕರೆ ಅದು ಯಾರೆಂದು ಪತ್ತೆ ಮಾಡುವುದು ಹೇಗೆ?

ಮುಂಗಾರು ಹಿಡಿದ ಮೇಲೆ ಕೊಡಗು, ಸಕಲೇಶಪುರ ಕಡೆಯ ಕಾಡಿನಲ್ಲಿ ತರಗೆಲೆ ಸರಿಸಿ ನೋಡಿ. ಮುಟ್ಟಿದ ತಕ್ಷಣ ಮುದುಡಿ ಉಂಡೆಯಾಗುವ ಗಟ್ಟಿ ಬೆನ್ನಿನ ಹುಳವೊಂದು ಸಿಗಬಹುದು. ಕಾಲೂ ಕಾಣದು, ತಲೆಯೂ ಕಾಣದು. ಇದು ಪಶ್ಚಿಮ ಘಟ್ಟದ ದೈತ್ಯ ಉಂಡೆ ಸಹಸ್ರಪದಿ ಇರಬಹುದು. ವಿಜ್ಞಾನಿಗಳು ಇಟ್ಟ ಹೆಸರು ಆರ್ಥ್ರೋಸ್ಫೇರಾ. ನಮ್ಮ ಹಿತ್ತಲಿನ ಚೋರಟೆಯ ದೂರದ ನೆಂಟ.

'ಇರಬಹುದು' ಎಂದದ್ದಕ್ಕೆ ಕಾರಣ ಇದೆ. ಉಂಡೆಯಾಗುವ ಪ್ರಾಣಿಗಳು ಬೇಕಾದಷ್ಟಿವೆ. ಹೂಕುಂಡದ ಕೆಳಗೆ ಸಿಗುವ ಪುಟ್ಟ ಬೂದು ಹುಳವೂ ಉಂಡೆಯಾಗುತ್ತದೆ. ಏಷ್ಯಾದ ಕಾಡುಗಳಲ್ಲಿ ಉಂಡೆಯಾಗುವ ಜಿರಳೆಗಳೂ ಇವೆ. ಒಂದಕ್ಕೊಂದು ಹತ್ತಿರದ ಸಂಬಂಧವೇ ಇಲ್ಲ. ಹಾಗಾಗಿ ಬೆನ್ನಿನ ಮೇಲಿಂದ ಒಂದು ಫೋಟೊ ತೆಗೆದು 'ಇದ್ಯಾವ ಪ್ರಭೇದ?' ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನೋಡಬೇಕಾದ್ದು ಹೊಟ್ಟೆಯ ಕಡೆ ಮತ್ತು ಬಾಲದ ತುದಿ.

ಬೇಕಾಗುವ ಸಾಮಾನು ಕಡಿಮೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮೊಬೈಲ್, ತಳ ಸ್ವಚ್ಛವಾಗಿ ಕಾಣುವ ಒಂದು ಪ್ಲಾಸ್ಟಿಕ್ ಡಬ್ಬಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿ ಇಲ್ಲದೆ ಹುಳ ಹಿಡಿಯುವಂತಿಲ್ಲ. ಅಡಿಕೆ ತೋಟ, ಕಾಫಿ ತೋಟಗಳ ಅಂಚಿನಲ್ಲಿ ಹುಡುಕುವುದು ಒಳ್ಳೆಯದು.

ಮುಟ್ಟುವ ಮುಂಚೆ

ಉಂಡೆ ಸಹಸ್ರಪದಿ ಕಚ್ಚುವುದಿಲ್ಲ, ವಿಷವನ್ನೂ ಸೂಸುವುದಿಲ್ಲ. ಅದಕ್ಕೆ ವಿಷದ ಗ್ರಂಥಿಗಳೇ ಇಲ್ಲ, ಗಟ್ಟಿ ಚಿಪ್ಪೇ ರಕ್ಷಣೆ. ಬೇರೆ ಸಹಸ್ರಪದಿಗಳ ಬಗ್ಗೆ ಮಾತ್ರ ಈ ಮಾತು ಹೇಳುವಂತಿಲ್ಲ. ಉದ್ದನೆಯ ದುಂಡು ಚೋರಟೆಗಳಲ್ಲಿ ಹೆಚ್ಚಿನವು ಬಿಡುವ ರಸ ಕೈಗೆ ಕಂದು ಕಲೆ ಹಿಡಿಸುತ್ತದೆ, ಕಣ್ಣಿಗೆ ತಾಗಿದರೆ ಉರಿ. ಚಪ್ಪಟೆ ಬೆನ್ನಿನ ಪಾಲಿಡೆಸ್ಮಿಡಾ ಗುಂಪಿನವು ಸಯನೈಡ್ ಅನಿಲವನ್ನೇ ಬಿಡುತ್ತವೆ. ಪ್ರಮಾಣ ಚಿಕ್ಕದು, ಆದರೂ ಮೂಗಿನ ಹತ್ತಿರ ಹಿಡಿಯಬೇಡಿ. ಯಾವುದನ್ನು ಮುಟ್ಟಿದರೂ ಕೈ ತೊಳೆಯಿರಿ.

ಮೊದಲು ಕಾಲು ಎಣಿಸಿ

ಹುಳವನ್ನು ಡಬ್ಬಿಯಲ್ಲಿಟ್ಟು ಸುಮ್ನೆ ಕಾಯಿರಿ. ಅವಸರ ಮಾಡಿ ಬಿಡಿಸಲು ಹೋಗಬೇಡಿ. ಸ್ವಲ್ಪ ಹೊತ್ತಿಗೆ ತಾನೇ ಬಿಚ್ಚಿಕೊಂಡು ನಡೆಯುತ್ತದೆ. ಆಗ ಡಬ್ಬಿಯನ್ನು ಎತ್ತಿ ಕೆಳಗಿನಿಂದ ವಿಡಿಯೊ ತೆಗೆಯಿರಿ. ಎಣಿಕೆಯನ್ನು ಆಮೇಲೆ ನಿಧಾನವಾಗಿ ಮಾಡಬಹುದು.

6 ಕಾಲಿದ್ದರೆ ಕೀಟ. 7 ಜೊತೆ, ಅಂದರೆ 14 ಕಾಲಿದ್ದರೆ ಅದು ಹೂಕುಂಡದ ಬೂದು ಹುಳದ ಬಳಗ. ಇದು ಸಹಸ್ರಪದಿಯೇ ಅಲ್ಲ. ಏಡಿ, ಸಿಗಡಿಗಳ ಸಂಬಂಧಿ. ಅದಕ್ಕಿಂತ ಜಾಸ್ತಿ ಇದ್ದು, ಒಂದೊಂದು ಫಲಕದ ಕೆಳಗೆ ಎರಡೆರಡು ಜೊತೆ ಕಾಲು ಕಂಡರೆ ಸಹಸ್ರಪದಿ. ಜರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಜರಿಗೆ ಒಂದು ಖಂಡಕ್ಕೆ ಒಂದೇ ಜೊತೆ. ಸಹಸ್ರಪದಿಯಲ್ಲಿ ಎರಡು ಖಂಡಗಳು ಕೂಡಿ ಒಂದಾಗಿವೆ. 1844ರಲ್ಲಿ ಈ ವರ್ಗಕ್ಕೆ ಡಿಪ್ಲೊಪೋಡಾ ಎಂದು ಹೆಸರು ಬಂದದ್ದೂ ಈ ಜೋಡಿ ಕಾಲುಗಳಿಂದಲೇ.

ಸಾವಿರ ಕಾಲು ಹುಡುಕಲು ಮಾತ್ರ ಹೋಗಬೇಡಿ. ನಿಜವಾಗಿಯೂ ಸಾವಿರ ದಾಟಿದ ಸಹಸ್ರಪದಿ ಪತ್ತೆಯಾದದ್ದು ಆಸ್ಟ್ರೇಲಿಯಾದಲ್ಲಿ, ನೆಲದಡಿ 60 ಮೀಟರ್ ಆಳದಲ್ಲಿ. 2021ರಲ್ಲಿ ಪ್ರಕಟವಾದ ಆ ಪ್ರಭೇದಕ್ಕೆ 1,306 ಕಾಲು. ನಮ್ಮ ಉಂಡೆ ಸಹಸ್ರಪದಿಯಲ್ಲಿ ಬೆಳೆದ ಹೆಣ್ಣಿಗೆ 21 ಜೊತೆ, ಗಂಡಿಗೆ 23 ಜೊತೆ. ಮರಿಗಳಿಗೆ ಕಡಿಮೆ, ಪೊರೆ ಬಿಟ್ಟ ಹಾಗೆಲ್ಲ ಹೆಚ್ಚುತ್ತಾ ಹೋಗುತ್ತವೆ. ಚಿಕ್ಕ ಹುಳವನ್ನು ಎಣಿಸಿ ತಲೆಕೆಡಿಸಿಕೊಳ್ಳಬೇಡಿ.

ಬೆನ್ನಿನ ಫಲಕಗಳು

ಈಗ ಮೇಲಿನಿಂದ ನೋಡಿ. ತಲೆಯ ಹಿಂದೆ ಒಂದು ಸಣ್ಣ ಕೊರಳಪಟ್ಟಿ. ಅದರ ಹಿಂದಿನದ್ದು ಎದ್ದು ಕಾಣುವಷ್ಟು ಅಗಲ, ಅದು ಎದೆಗವಚ. ಆಮೇಲೆ ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಫಲಕಗಳು. ಕೊನೆಯದ್ದು ದೊಡ್ಡದು, ಗುಮ್ಮಟದ ಆಕಾರದ್ದು, ಗುದಕವಚ. ಕೊರಳಪಟ್ಟಿಯನ್ನೂ ಸೇರಿಸಿ ಒಟ್ಟು 13.

ನನಗೆ ಈ ಹುಳದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಎದೆಗವಚ. ಅದರ ಅಂಚಿನಲ್ಲಿ ಒಂದು ತೋಡು ಇರುತ್ತದೆ. ಹುಳ ಮುದುಡಿದಾಗ ಉಳಿದ ಫಲಕಗಳ ತುದಿಗಳೆಲ್ಲ ಬಂದು ಈ ತೋಡಿನಲ್ಲಿ ಕೂರುತ್ತವೆ. ಗುದಕವಚ ಮುಂದೆ ಬಂದು ತಲೆಯನ್ನು ಮುಚ್ಚುತ್ತದೆ. ಗುದಕವಚದ ಒಳಬದಿಯಲ್ಲಿ ಬೀಗದಂತೆ ಕೆಲಸ ಮಾಡುವ ಏಣುಗಳಿವೆ. ಒಮ್ಮೆ ಕೂತಿತೆಂದರೆ ಉಗುರು ತೂರಿಸಲೂ ಸಂದಿ ಸಿಗದು.

ಹಾಗಾದರೆ ಚೋರಟೆ ಯಾಕೆ ಉಂಡೆಯಾಗುವುದಿಲ್ಲ? ಚೋರಟೆಯ ಬೆನ್ನು, ಪಕ್ಕೆ, ಹೊಟ್ಟೆಯ ಫಲಕಗಳು ಬೆಸೆದು ಗಟ್ಟಿ ಬಳೆಯಾಗಿವೆ. ಬಳೆಗಳ ಸಾಲು ಚಕ್ಕುಲಿ ಸುತ್ತಿಕೊಳ್ಳಬಲ್ಲದು, ಅಷ್ಟೇ. ಉಂಡೆ ಸಹಸ್ರಪದಿಯಲ್ಲಿ ಈ ಫಲಕಗಳು ಬಿಡಿಬಿಡಿಯಾಗಿವೆ. ಹೊಟ್ಟೆಯ ಕಡೆ ಮೆತ್ತಗೆ, ಬೆನ್ನು ಕಮಾನು. ಕಾಲುಗಳನ್ನೆಲ್ಲ ಒಳಗೆಳೆದುಕೊಳ್ಳಲು ಜಾಗ ಸಿಗುವುದು ಹೀಗೆ.

ತಲೆ

ಇಲ್ಲಿ ಭೂತಗನ್ನಡಿ ಬೇಕು. ಉಂಡೆಯಾಗುವ ಸಹಸ್ರಪದಿಗಳಲ್ಲಿ ಎರಡು ಗಣಗಳಿವೆ: ಗ್ಲೊಮೆರಿಡಾ ಮತ್ತು ಸ್ಫೇರೊಥೇರಿಡಾ. ಮೊದಲನೆಯದು ಹೆಚ್ಚಾಗಿ ಯುರೋಪಿನಂಥ ಉತ್ತರದ ನಾಡುಗಳದ್ದು. ಚಿಕ್ಕ ಗಾತ್ರ, ಕಣ್ಣಿನ ಚುಕ್ಕೆಗಳು ಒಂದೇ ಸಾಲಿನಲ್ಲಿ, ಕಾಲು ಹೆಣ್ಣಿಗೆ 17 ಜೊತೆ, ಗಂಡಿಗೆ 19. ನಮ್ಮದು ಎರಡನೆಯ ಗಣ. ಇದರ ಕಣ್ಣುಗಳಲ್ಲಿ ಹತ್ತಾರು ಚುಕ್ಕೆಗಳು ಗುಂಪಾಗಿ ಸೇರಿ ಮೂತ್ರಪಿಂಡದ ಆಕಾರ ತಾಳಿವೆ.

ಗಂಡೋ ಹೆಣ್ಣೋ?

ಬಾಲದ ಕಡೆಯ ಹೊಟ್ಟೆಭಾಗ ನೋಡಿ. ಗಂಡಿನಲ್ಲಿ ಕೊನೆಯ ಎರಡು ಜೊತೆ ಕಾಲುಗಳು ನಡೆಯುವ ಕಾಲುಗಳಲ್ಲ. ದಪ್ಪಗಾಗಿ, ಇಕ್ಕಳದಂತೆ ಬಾಗಿರುತ್ತವೆ. ಇವನ್ನು ಟೆಲೊಪಾಡ್ ಎನ್ನುತ್ತಾರೆ. ಕೂಡುವಾಗ ಹೆಣ್ಣನ್ನು ಹಿಡಿಯಲು ಬೇಕು. ಗಂಡಿನ ಲೆಕ್ಕದಲ್ಲಿ ಎರಡು ಜೊತೆ ಹೆಚ್ಚು ಬಂದದ್ದು ಇವುಗಳಿಂದ.

ಹೆಣ್ಣಿಗೆ ಭಯವಾದರೆ ಉಂಡೆಯಾಗುತ್ತದೆ, ಆಗ ಗಂಡು ಏನು ಮಾಡಬೇಕು? ಈ ಗಣದ ಬಹಳಷ್ಟು ಗಂಡುಗಳ ಮುಂದಿನ ಟೆಲೊಪಾಡ್ ಮೇಲೆ ಗೀರುಗಳಿವೆ. ಅವನ್ನು ಗುದಕವಚದ ಒಳಬದಿಗೆ ಉಜ್ಜಿ ಸದ್ದು ಮಾಡುತ್ತದೆ. 'ನಾನು ಶತ್ರುವಲ್ಲ, ಬಿಚ್ಚಿಕೋ' ಎಂಬ ಸೂಚನೆ ಇದು ಎಂದು ವಿಜ್ಞಾನಿಗಳ ಅಂದಾಜು. ಬಾಗಿಲು ತಟ್ಟುವ ಈ ಸೌಜನ್ಯ ಹುಳಗಳಲ್ಲಿ ಅಪರೂಪ ಅಲ್ವಾ?

ಹೆಸರು ಜೋಡಿಸುವುದು

ಇಷ್ಟಾದರೆ ವರ್ಗೀಕರಣ ಸುಲಭ. ವಂಶ ಸಂಧಿಪದಿ. ವರ್ಗ ಡಿಪ್ಲೊಪೋಡಾ. ಗಣ ಸ್ಫೇರೊಥೇರಿಡಾ, 1833ರಲ್ಲಿ ಬ್ರಾಂಟ್ ಗುರುತಿಸಿದ್ದು. ಕುಟುಂಬ ಆರ್ಥ್ರೋಸ್ಫೇರಿಡೇ. ಕುಲ ಆರ್ಥ್ರೋಸ್ಫೇರಾ, 1895ರಲ್ಲಿ ಪೋಕಾಕ್ ಹೆಸರಿಟ್ಟದ್ದು, ಭಾರತ, ಶ್ರೀಲಂಕಾದಲ್ಲಿದೆ.

ಕುಟುಂಬದ ಉಳಿದ ಸದಸ್ಯರು ಎಲ್ಲಿದ್ದಾರೆ ಗೊತ್ತಾ? ಮಡಗಾಸ್ಕರ್‌ನಲ್ಲಿ. ಅಲ್ಲಿನ ಸ್ಫೇರೊಮಿಮಸ್ ಎಂಬ ಕುಲ ತನ್ನ ದ್ವೀಪದ ಇತರ ಉಂಡೆ ಸಹಸ್ರಪದಿಗಳಿಗಿಂತ ನಮ್ಮ ಆರ್ಥ್ರೋಸ್ಫೇರಾಗೇ ಹೆಚ್ಚು ಹತ್ತಿರ. ಈ ಹುಳಗಳು ಹಾರುವುದಿಲ್ಲ, ಸಮುದ್ರ ದಾಟುವುದಿಲ್ಲ. ಭಾರತ ಮತ್ತು ಮಡಗಾಸ್ಕರ್ ಒಂದೇ ನೆಲವಾಗಿದ್ದು, ಬೇರೆಯಾದದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ. ಸಂಬಂಧ ಅಷ್ಟು ಹಳೆಯದು.

ಪ್ರಭೇದದ ಹೆಸರಿಗೆ ಮಾತ್ರ ಆತುರ ಬೇಡ. ಬಣ್ಣ ನಂಬುವ ಹಾಗಿಲ್ಲ. ಗಂಡಿನ ಟೆಲೊಪಾಡ್, ಹೆಣ್ಣಿನ ಎರಡನೆಯ ಜೊತೆ ಕಾಲಿನ ಬುಡದಲ್ಲಿರುವ ಜನನಾಂಗದ ಫಲಕಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ತಜ್ಞರು ಹೆಸರು ಹೇಳುತ್ತಾರೆ. ನಮ್ಮಲ್ಲಿ ಹೆಚ್ಚು ಅಧ್ಯಯನವಾದದ್ದು ಆರ್ಥ್ರೋಸ್ಫೇರಾ ಮ್ಯಾಗ್ನಾ. ತೋಟದ ತರಗು, ಕಸದಲ್ಲಿ ಈ ಹುಳಗಳನ್ನು ಬಿಟ್ಟು ಗೊಬ್ಬರ ಮಾಡಿಸುವ ಪ್ರಯೋಗಗಳನ್ನು ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮಾಡಿದ್ದಾರೆ. ಹಾಗೆಂದು ನಿಮ್ಮ ಹುಳವೂ ಮ್ಯಾಗ್ನಾ ಎಂದು ಬರೆದುಬಿಡಬೇಡಿ. 'ಆರ್ಥ್ರೋಸ್ಫೇರಾ ಕುಲ' ಎಂದರೆ ಸಾಕು, ಅದು ಸರಿಯಾದ ಉತ್ತರವೇ.

ಜೀವಿಗಳ ಫೋಟೊ ಹಾಕಿ ಗುರುತು ಕೇಳುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವುದಿದ್ದರೆ ನಾಲ್ಕು ಫೋಟೊ ಬೇಕು: ಉಂಡೆಯಾಗಿದ್ದು, ಮೇಲಿನಿಂದ, ತಲೆಯ ಹತ್ತಿರದಿಂದ, ಬಾಲದ ಹೊಟ್ಟೆಭಾಗದಿಂದ. ಪಕ್ಕದಲ್ಲಿ ಅಳತೆಗೆ ಸ್ಕೇಲ್ ಇಡಿ. ತಾರೀಕು, ಊರು, ಅದು ಯಾವ ಮರದ ತರಗಿನಲ್ಲಿತ್ತು ಎಂಬುದನ್ನೂ ಬರೆಯಿರಿ. ಹುಳವನ್ನು ಎತ್ತಿದ ಜಾಗದಲ್ಲೇ ಬಿಟ್ಟು ತರಗೆಲೆ ಮುಚ್ಚಿ. ಮಳೆಗಾಲ ಮುಗಿಯುವ ಮುಂಚೆ ಹೋಗಿ. ನೆಲ ಒಣಗಿದರೆ ಮಣ್ಣಿನಾಳಕ್ಕೆ ಇಳಿದುಬಿಡುತ್ತವೆ, ಎಷ್ಟು ಕೆದಕಿದರೂ ಸಿಗುವುದು ಕಷ್ಟ.