ಟ್ರ್ಯಾಕ್ ಇಲ್ಲದೆ ಆರ್‌ಸಿ ಕಾರು ಪ್ರಾಕ್ಟೀಸ್: ನನ್ನ ಅನುಭವ

ಟ್ರ್ಯಾಕ್‌ಗೆ ಹೋಗದೆ ಆರ್‌ಸಿ (ರೇಡಿಯೊ ಕಂಟ್ರೋಲ್) ಕಾರು ಪ್ರಾಕ್ಟೀಸ್ ಮಾಡೋದು ಸುಮ್ನೆ ಟೈಮ್ ವೇಸ್ಟ್ ಅಂತ ನನಗೆ ಹೇಳದವರಿಲ್ಲ. ಅವರಲ್ಲಿ ಮೂರ್ನಾಲ್ಕು ಜನ ಈಗ ರೇಸ್‌ನಲ್ಲಿ ನನ್ನ ಹಿಂದೆ ಬರುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಕಾರು 1/10 ಟೂರಿಂಗ್ (ಅಸಲಿ ರಸ್ತೆ ಕಾರಿನ ಹತ್ತನೇ ಒಂದು ಅಳತೆ), ಫೋರ್ ವೀಲ್ ಡ್ರೈವ್, 17.5 ಟರ್ನ್ (ತಂತಿ ಸುತ್ತಿನ ಲೆಕ್ಕ) ಮೋಟರ್, 2 ಸೆಲ್ ಲಿಪೊ ಬ್ಯಾಟರಿ. ಸೆಟಪ್ ಬಗ್ಗೆ ಇಲ್ಲಿ ಏನೂ ಸಿಗಲ್ಲ, ಬರೀ ಕೈ ಪಳಗಿಸೋ ವಿಷಯ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ. ಎಲ್ಲರ ಹಾಗೆ ನಾನೂ ಖಾಲಿ ಪಾರ್ಕಿಂಗ್ ಜಾಗ ಹುಡುಕಿಕೊಂಡು ಹೋದೆ. ರೇಡಿಯೊದ (ಕೈಯಲ್ಲಿ ಹಿಡಿಯೋ ಕಂಟ್ರೋಲರ್) ಟ್ರಿಗರ್ ಪೂರ್ತಿ ಎಳೆಯಬಹುದು, ಮಜಾ ಬರುತ್ತದೆ, ಕಲಿತದ್ದು ಸೊನ್ನೆ. ನೇರ ದಾರಿಯಲ್ಲಿ ಜೋರಾಗಿ ಓಡಿಸೋದು ಯಾರಿಗೆ ಬರಲ್ಲ ಹೇಳಿ? ಖರ್ಚು ಮಾತ್ರ ಕಿತ್ತುಕೊಂಡು ಬಂತು. ಒರಟು ಡಾಂಬರು ರಬ್ಬರ್ ಟೈರನ್ನು ತಿಂದು ಹಾಕುತ್ತದೆ, ಹತ್ತು ಹದಿನೈದು ಪ್ಯಾಕ್ (ಒಂದು ಪ್ಯಾಕ್ ಅಂದರೆ ಬ್ಯಾಟರಿಯ ಒಂದು ಚಾರ್ಜ್) ಓಡಿಸುವಷ್ಟರಲ್ಲಿ ಹೊಸ ಸೆಟ್ ಸವೆದು ಹೋಗಿತ್ತು. ಅಂಚಿನ ಕಲ್ಲಿಗೆ ಬಡಿದು ಮುಂದಿನ ಸಸ್ಪೆನ್ಷನ್ ಆರ್ಮ್ ಮುರಿಯಿತು, ಅದನ್ನು ಹಾಕಿದ ಮೇಲೆ ಇನ್ನೊಂದು ಏಟಿಗೆ ಸ್ಟೀರಿಂಗ್ ನಕಲ್ (ಮುಂದಿನ ಚಕ್ರವನ್ನು ಹಿಡಿದು ತಿರುಗಿಸೋ ಭಾಗ) ಹೋಯಿತು. ಲೆಕ್ಕ ಹಾಕಿದರೆ ಆ ಪಾರ್ಟ್ಸ್ ದುಡ್ಡಲ್ಲಿ ಟ್ರ್ಯಾಕ್‌ನಲ್ಲೇ ಏಳೆಂಟು ದಿನದ ಪ್ರಾಕ್ಟೀಸ್ ಫೀ ಕಟ್ಟಬಹುದಿತ್ತು.

ಆಮೇಲೆ ನುಣುಪು ಸಿಮೆಂಟ್ ನೆಲಕ್ಕೆ ಬಂದೆ, ಟೇಪ್ ಅಂಟಿಸಿ ಲೇಔಟ್ ಮಾಡಿದೆ. ಟೇಪ್ ಮೇಲೆ ಕಾರು ಹತ್ತಿದರೂ ಏನೂ ಆಗಲ್ಲ ಅಲ್ವಾ, ಹಾಗಾಗಿ ನಮಗೆ ಗೊತ್ತಿಲ್ಲದೆ ಮೂಲೆ ಕತ್ತರಿಸೋ ಚಟ ಹತ್ತುತ್ತದೆ. ತೋಟದ ಹೋಸ್ ಪೈಪ್ ಹಾಸಿ ನೋಡಿದೆ. ಟೂರಿಂಗ್ ಕಾರಿನ ಹೊಟ್ಟೆ ನೆಲದಿಂದ ಐದಾರು ಮಿಲಿಮೀಟರ್ ಮೇಲಿರುತ್ತದೆ ಅಷ್ಟೇ, ಪೈಪ್ ಮೇಲೆ ಹತ್ತಿದರೆ ಅಲ್ಲೇ ಕೂತುಬಿಡುತ್ತದೆ. ಪ್ರತಿ ಸಲ ನಡೆದುಹೋಗಿ ಎತ್ತಿಡಬೇಕು.

ಕೊನೆಗೆ ಉಳಿದದ್ದು ಪೇಪರ್ ಕಪ್. ಒಳಗೆ ಸ್ವಲ್ಪ ಮರಳು ಹಾಕಿ, ಗಾಳಿಗೆ ಹಾರದಷ್ಟು. ತಾಗಿದರೆ ಬೀಳುತ್ತದೆ, ಕಾರಿಗೆ ಏನೂ ಆಗಲ್ಲ, ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ಎರಡು ಕಪ್ ನಡುವೆ ಮೂರು ಮೀಟರ್ ಬಿಟ್ಟು ಎಂಟರ ಆಕಾರ. ಓವಲ್ ಬೇಡ, ಒಂದೇ ಕಡೆ ತಿರುಗಿ ತಿರುಗಿ ಇನ್ನೊಂದು ಕಡೆಯ ತಿರುವು ದುರ್ಬಲ ಆಗುತ್ತದೆ. ಕಪ್ ಬೀಳದೆ ಒಂದು ಪ್ಯಾಕ್ ಮುಗಿಸಲು ಬಂದ ಮೇಲೆ ಮೂರನೇ ಕಪ್ ಇಡುತ್ತೇನೆ. ಅದನ್ನು ಎಲ್ಲಿಡುತ್ತೇನೆ ಅಂತ ಹೇಳಲ್ಲ. ಇದನ್ನು ಓದುವವರಲ್ಲಿ ಕೆಲವರ ಜೊತೆ ನಾನು ರೇಸ್ ಮಾಡಬೇಕು!

ಕಾರನ್ನು ನಿಧಾನ ಮಾಡಲೇಬೇಕು. ಸುಮಾರು ಜನ ರೇಡಿಯೊದಲ್ಲಿ ಥ್ರಾಟಲ್ ಎಂಡ್ ಪಾಯಿಂಟ್ (ಟ್ರಿಗರ್ ಪೂರ್ತಿ ಎಳೆದಾಗ ಸಿಗೋ ಗರಿಷ್ಠ ಥ್ರಾಟಲ್) ಅರ್ಧಕ್ಕೆ ಇಳಿಸುತ್ತಾರೆ. ನನಗೆ ಅದು ಹಿಡಿಸಲಿಲ್ಲ. ಯಾವಾಗಲೂ ಅರ್ಧ ಥ್ರಾಟಲ್‌ನಲ್ಲೇ ಓಡಿ ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸೋ ಎಲೆಕ್ಟ್ರಾನಿಕ್ ಪೆಟ್ಟಿಗೆ) ಬಿಸಿಯಾಯಿತು, ನಿಧಾನ ಓಡುವಾಗ ಗಾಳಿಯೂ ಜಾಸ್ತಿ ಸಿಗಲ್ಲ. ಅದರ ಬದಲು ಪಿನಿಯನ್ (ಮೋಟರ್ ಮೇಲಿನ ಗೇರ್) ಏಳೆಂಟು ಹಲ್ಲು ಚಿಕ್ಕದು ಹಾಕಿದೆ. ಮೋಟರ್ ತಣ್ಣಗಿರುತ್ತದೆ, ಬೆರಳಿಗೆ ಟ್ರಿಗರ್‌ನ ಪೂರ್ತಿ ಓಟ ಸಿಗುತ್ತದೆ, ಪ್ಯಾಕ್ ಕೂಡ ಜಾಸ್ತಿ ಹೊತ್ತು ಬರುತ್ತದೆ. ಟೈರ್ ಅಂದರೆ ರೇಸ್‌ನಲ್ಲಿ ಸವೆದು ಎಸೆಯಬೇಕಾದದ್ದನ್ನೇ ಹಾಕುತ್ತೇನೆ. ಹಿಡಿತ ಇಲ್ಲದ ನೆಲದಲ್ಲಿ ಹಿಡಿತ ಇಲ್ಲದ ಟೈರ್ ಹಾಕಿ ಓಡಿಸಿದರೆ ತಿರುವಿನ ಮಧ್ಯೆ ಟ್ರಿಗರ್ ಒಂದು ಮಿಲಿಮೀಟರ್ ಜಾಸ್ತಿ ಎಳೆದರೂ ಕಾರು ಅಗಲಕ್ಕೆ ಹೋಗುತ್ತದೆ. ಬೆರಳಿಗೆ ಬುದ್ಧಿ ಬರೋದು ಅಲ್ಲೇ.

ನಿಂತಲ್ಲೇ ನಿಲ್ಲಿ. ಕಾರಿನ ಹಿಂದೆ ಮೈ ತಿರುಗಿಸಬೇಡಿ. ನಾನು ಮೆಟ್ಟಿಲಿನ ಮೂರನೆಯದೋ ನಾಲ್ಕನೆಯದೋ ಹಂತದ ಮೇಲೆ ನಿಲ್ಲುತ್ತೇನೆ, ಯಾಕೆಂದರೆ ನೆಲದ ಮಟ್ಟದಲ್ಲಿ ನಿಂತರೆ ದೂರದ ಕಪ್‌ಗೂ ಕಾರಿಗೂ ಎಷ್ಟು ಅಂತರ ಅಂತಲೇ ತಿಳಿಯಲ್ಲ, ರೇಸ್‌ನಲ್ಲಿ ಹೇಗೂ ಓಡಿಸೋರ ಎತ್ತರದ ಸ್ಟ್ಯಾಂಡ್ ಮೇಲೇ ನಿಲ್ಲುತ್ತೇವೆ.

ಎಲ್ಲರಿಗೂ ತೊಂದರೆ ಕೊಡೋದು ಕಾರು ನಮ್ಮ ಕಡೆ ಮುಖ ಮಾಡಿ ಬರುವಾಗ. 'ಕಾರೊಳಗೆ ಕೂತಿದ್ದೇನೆ ಅಂದುಕೋ' ಅಂತ ಹಿರಿಯರು ಹೇಳುತ್ತಾರೆ. ನನಗೆ ಅದು ಒಂದು ದಿನವೂ ಕೆಲಸ ಮಾಡಲಿಲ್ಲ, ಅಂದುಕೊಳ್ಳುವಷ್ಟರಲ್ಲಿ ಕಪ್ ಬಿದ್ದಿರುತ್ತದೆ. ಕೆಲಸ ಮಾಡಿದ್ದು ಇದು: ನನ್ನತ್ತ ಬರುವ ಕಾರು ನನ್ನ ಎಡಕ್ಕೆ ವಾಲಿದರೆ ರೇಡಿಯೊದ ಚಕ್ರವನ್ನೂ ಎಡಕ್ಕೇ ತಿರುಗಿಸಬೇಕು, ಬಲಕ್ಕೆ ವಾಲಿದರೆ ಬಲಕ್ಕೆ. ಬೀಳುತ್ತಿರೋ ಗೋಡೆಗೆ ಆ ಕಡೆಯಿಂದಲೇ ಊರುಗೋಲು ಕೊಟ್ಟ ಹಾಗೆ. ಐದಾರು ಮೀಟರ್ ದೂರದಲ್ಲಿ ಕಾರನ್ನು ನನ್ನ ಕಡೆ ತಿರುಗಿಸಿ ನಿಲ್ಲಿಸಿ, ನಡಿಗೆಯ ವೇಗದಲ್ಲಿ ಒಂದು ಸಲ ನನ್ನ ಎಡಗಡೆಗೆ, ಒಂದು ಸಲ ಬಲಗಡೆಗೆ ತರುತ್ತಿದ್ದೆ. ದಿನಾ ಎಂಟರ ಆಕಾರ ಶುರು ಮಾಡೋ ಮೊದಲು ಕಾಲು ಗಂಟೆ. ಮೂರು ವಾರ ಇರಬೇಕು, ಆಮೇಲೆ ಯೋಚನೆ ಮಾಡೋದೇ ನಿಂತಿತು. ಬಾಡಿಯ ಮೂತಿಗೆ ಬಿಳಿ, ಹಿಂಬದಿಗೆ ಕಡು ಬಣ್ಣ ಹೊಡೆಯಿರಿ, ಮೋಡದ ದಿನ ತುಂಬಾ ಸಹಾಯ ಆಗುತ್ತದೆ.

ಲ್ಯಾಪ್ ಟೈಮ್ ಹೇಗೆ ಅಂತ ಕೇಳುತ್ತೀರಿ. ಎರಡೂ ಕೈ ರೇಡಿಯೊ ಮೇಲೆ, ಸ್ಟಾಪ್‌ವಾಚ್ ಒತ್ತೋರು ಯಾರು? ಲ್ಯಾಪ್ ಎಣಿಸೋ ಟ್ರಾನ್ಸ್‌ಪಾಂಡರ್ (ಕಾರಿನೊಳಗಿನ ಚಿಕ್ಕ ಸಾಧನ) ಮತ್ತು ಅದನ್ನು ಗುರುತಿಸೋ ನೆಲದ ತಂತಿ ಲೂಪ್‌ಗೆ ದುಡ್ಡು ಹಾಕಲು ನನಗೆ ಮನಸ್ಸಿರಲಿಲ್ಲ. ಒಂದು ತೆಳು ತಗಡಿನ ಪಟ್ಟಿಯನ್ನು ಲ್ಯಾಪ್ ಶುರುವಾಗೋ ಗೆರೆಯ ಮೇಲೆ ಇಟ್ಟೆ, ಒಂದು ತುದಿಗೆ ಮಾತ್ರ ಟೇಪ್. ಕಾರು ಹಾದಾಗ ಟಕ್ ಅನ್ನುತ್ತದೆ. ಪಕ್ಕದಲ್ಲಿ ಫೋನಿಟ್ಟು ಧ್ವನಿ ರೆಕಾರ್ಡ್ ಮಾಡಿ, ಆಮೇಲೆ ಎಡಿಟಿಂಗ್ ಆ್ಯಪ್‌ನಲ್ಲಿ ತೆರೆದರೆ ಪ್ರತಿ ಟಕ್ ಒಂದು ಮುಳ್ಳಿನಂತೆ ಎದ್ದು ಕಾಣುತ್ತದೆ. ಎರಡು ಮುಳ್ಳಿನ ನಡುವಿನ ಅಂತರವೇ ಲ್ಯಾಪ್. ಶುರುವಿನಲ್ಲಿ ನನ್ನ ಲ್ಯಾಪ್ ಆರೂವರೆಯಿಂದ ಎಂಟು ಸೆಕೆಂಡಿನವರೆಗೆ ಹೇಗೆಂದರೆ ಹಾಗೆ ಬರುತ್ತಿತ್ತು. ಎರಡು ತಿಂಗಳ ಹೊತ್ತಿಗೆ ಒಂದು ಪ್ಯಾಕ್‌ನ ಬಹುತೇಕ ಲ್ಯಾಪ್‌ಗಳು 0.3 ಸೆಕೆಂಡಿನ ಒಳಗೆ ಬಂದವು. ಅತಿ ವೇಗದ ಲ್ಯಾಪ್ ಅಷ್ಟೇನೂ ಸುಧಾರಿಸಲಿಲ್ಲ, ಅದರ ಚಿಂತೆ ನಾನು ಮಾಡಲೂ ಇಲ್ಲ. 5 ನಿಮಿಷದ ಹೀಟ್‌ನಲ್ಲಿ (ಒಂದು ಸುತ್ತಿನ ರೇಸ್) ಎರಡು ಸಲ ಟ್ರ್ಯಾಕ್ ಅಂಚಿನ ಬೋರ್ಡ್‌ಗೆ ಬಡಿದು, ಕಾರು ಎತ್ತಿಡೋ ಮಾರ್ಷಲ್‌ಗೆ ಕಾದರೆ ಆ ವೇಗ ಎಲ್ಲಾ ನೀರಲ್ಲಿ ಹೋಮ ಅಲ್ವಾ?

ದಿನಕ್ಕೆ ಮೂರು ಪ್ಯಾಕ್ ಸಾಕು. ನಾಲ್ಕನೆಯದರಲ್ಲಿ ಮುಳ್ಳುಗಳು ಅಂಕೆ ತಪ್ಪುತ್ತವೆ, ಬೆರಳು ಸುಸ್ತಾಗಿರುತ್ತದೆ. ಪ್ಯಾಕ್ ಪೂರ್ತಿ ಹಿಂಡಬೇಡಿ. ಮರುದಿನ ಓಡಿಸಲ್ಲ ಅಂತಿದ್ದರೆ ಒಂದೊಂದು ಸೆಲ್ಲನ್ನೂ 3.8 ವೋಲ್ಟ್‌ಗೆ ತಂದು ಇಡಿ, ಉಬ್ಬಿದ ಲಿಪೊ ಎಸೆದ ದುಃಖ ಗೊತ್ತಿದ್ದವರಿಗೆ ಇದು ಹೇಳಬೇಕಿಲ್ಲ.

ಮಧ್ಯೆ ಕೆಲವು ಹುಚ್ಚಾಟ. ಟೈರ್ ಬದಲು ರಿಮ್ ಮೇಲೆ ಪಿವಿಸಿ ಪೈಪಿನ ತುಂಡು ಕೂರಿಸಿ, ಸಡಿಲ ಇದ್ದಲ್ಲಿ ಟೇಪ್ ಸುತ್ತಿ ಡ್ರಿಫ್ಟ್ ಮಾಡಿದೆ. ಕಾರು ಐಸ್ ಮೇಲೆ ಹೋದ ಹಾಗೆ ಜಾರುತ್ತದೆ. ಸ್ಟೀರಿಂಗ್ ಎದುರು ಕಡೆ ಕೊಡುವ ರೂಢಿ ಚೆನ್ನಾಗಿ ಬಂತು, ಆದರೆ ವಾರಗಟ್ಟಲೆ ಅದನ್ನೇ ಮಾಡಿದರೆ ರೇಸ್‌ನಲ್ಲಿ ಕೈ ಜಾಸ್ತಿ ತಿರುಗುತ್ತದೆ, ರುಚಿಗೆ ಅಷ್ಟೇ ಇರಲಿ. ಮಳೆಗಾಲದಲ್ಲಿ ವಿಆರ್‌ಸಿ ಪ್ರೊ ಸಿಮ್ಯುಲೇಟರ್, ನಮ್ಮದೇ ರೇಡಿಯೊವನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಸೇರಿಸಿಕೊಂಡು. ಲೈನ್ ಹಿಡಿಯೋದು, ಎಲ್ಲಿ ಬ್ರೇಕ್ ಹಾಕೋದು ಅನ್ನೋದಕ್ಕೆ ಒಳ್ಳೆಯದು. ಅಲ್ಲಿ ಆರ್ಮ್ ಮುರಿದರೆ ದುಡ್ಡು ಹೋಗಲ್ಲ, ಅದಕ್ಕೇ ಕೈಗೆ ಭಯವೂ ಇರಲ್ಲ, ಎಲ್ಲಾ ಗ್ಯಾಪ್‌ಗೂ ನುಗ್ಗುತ್ತೇವೆ.

ಫಲ ಏನು ಅಂದರೆ, ಸಿ ಫೈನಲ್‌ನ (ವೇಗದ ಪ್ರಕಾರ ಎ, ಬಿ, ಸಿ ಅಂತ ಫೈನಲ್ ಗುಂಪುಗಳಿರುತ್ತವೆ, ಎ ಎಲ್ಲಕ್ಕಿಂತ ಮೇಲು) ಬಾಲದಲ್ಲಿ ಇದ್ದವನು ಈಗ ಬಿ ಫೈನಲ್‌ನಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ಮೋಟರ್ ಅದೇ, ಚಾಸಿ ಅದೇ. ರೇಡಿಯೊದಲ್ಲಿ ಎಕ್ಸ್‌ಪೊ (ಮಧ್ಯದ ಹತ್ತಿರ ಸ್ಟೀರಿಂಗ್ ಎಷ್ಟು ಮೃದು ಅನ್ನೋ ಸೆಟ್ಟಿಂಗ್) ಎಷ್ಟು ಇಟ್ಟಿದ್ದೇನೆ ಅಂತ ಕೇಳಬೇಡಿ, ಸೊನ್ನೆ ಅಲ್ಲ ಅಂತಷ್ಟೇ ಹೇಳುತ್ತೇನೆ.

ಈಗ ಅದೇ ನೆಲದಲ್ಲಿ, ಅದೇ ಕಪ್‌ಗಳ ನಡುವೆ ಟೂ ವೀಲ್ ಡ್ರೈವ್ 'ಬಗ್ಗಿ' ಕಾರನ್ನು (ಮಣ್ಣಿನ ಟ್ರ್ಯಾಕ್‌ನ ಮಾದರಿ) ಓಡಿಸಿ ನೋಡುತ್ತಿದ್ದೇನೆ. ಡ್ರ್ಯಾಗ್ ಬ್ರೇಕ್ (ಟ್ರಿಗರ್ ಬಿಟ್ಟಾಗ ತಾನಾಗೇ ಹಿಡಿಯೋ ಬ್ರೇಕ್) ಪೂರ್ತಿ ತೆಗೆದರೂ ಟ್ರಿಗರ್ ಬಿಟ್ಟ ಕೂಡಲೇ ಹಿಂಬದಿ ಸುತ್ತುತ್ತದೆ. ಬ್ಯಾಟರಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಬೇಕೋ ಏನೋ, ಮುಂದಿನ ವಾರ ನೋಡೋಣ.