ಸರ್ಕಾರಿ ಶಾಲೆಗೆ ಕಂಪನಿ ದುಡ್ಡು ಬರುತ್ತೆ ಅಂದಾಗ

ಕಂಪನಿಯವರ ಫೋನ್ ಹೆಚ್ಚಾಗಿ ಬರುವುದು ಫೆಬ್ರವರಿಯಲ್ಲಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದೇ ಸಿಎಸ್‌ಆರ್. ಅವರ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಮಗೆ ಆಗ ಪರೀಕ್ಷೆ. "ಸ್ಮಾರ್ಟ್ ಬೋರ್ಡ್ ಕೊಡ್ತೀವಿ ಮೇಡಂ, ಮುಂದಿನ ವಾರವೇ ಉದ್ಘಾಟನೆ ಇಟ್ಕೊಳ್ಳೋಣ" ಅನ್ನುತ್ತಾರೆ. ಪಾವಗಡ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಮುಖ್ಯಶಿಕ್ಷಕಿಯಾಗಿದ್ದಾಗ ಇಂಥ ಫೋನಿಗೆ ನನ್ನದು ಒಂದೇ ಉತ್ತರ: "ಸಂತೋಷ ಸಾರ್, ಎಸ್‌ಡಿಎಂಸಿಯಲ್ಲಿ ಕೇಳಿ ಹೇಳ್ತೀನಿ."

ಇದು ಸುಮ್ನೆ ಕಾಲ ತಳ್ಳುವ ಮಾತಲ್ಲ. ಎಸ್‌ಡಿಎಂಸಿ ಅಂದರೆ ಶಾಲೆಯ ಕೆಲಸ ನೋಡಿಕೊಳ್ಳುವ ಸಮಿತಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧ ಜನ ಹೆಂಗಸರಿರಬೇಕು. ಸಭೆಯನ್ನು ಹಗಲು ಇಟ್ಟರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಸಂಜೆ ಇಡಿ. ತಾಯಂದಿರು ಬಾಯಿ ಬಿಟ್ಟರೆ ಸ್ಮಾರ್ಟ್ ಬೋರ್ಡ್ ಹಿಂದೆ ಸರಿಯುತ್ತದೆ, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು, ಕುಡಿಯುವ ನೀರು ಮುಂದೆ ಬರುತ್ತವೆ. ಆ ಪಟ್ಟಿಯನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ, ಒಂದು ಕಂಪನಿಗೆ. ಬೇಡದ್ದನ್ನು ಬೇಡ ಅನ್ನಲು ಆ ಹಾಳೆಯೇ ಸಾಕು. ನೀವು ಬಾಯಿ ಕೆಡಿಸಿಕೊಳ್ಳಬೇಕಾಗಿಲ್ಲ.

ಕಂಪನಿ ಬಹಳ ಸಲ ನೇರವಾಗಿ ಬರುವುದಿಲ್ಲ, ನಡುವೆ ಒಂದು ಸ್ವಯಂಸೇವಾ ಸಂಸ್ಥೆ ಇರುತ್ತದೆ. ಸಿಎಸ್‌ಆರ್ ದುಡ್ಡಿನಲ್ಲಿ ಕೆಲಸ ಮಾಡುವ ಸಂಸ್ಥೆ 2021ರ ಏಪ್ರಿಲ್‌ನಿಂದ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಸಂಖ್ಯೆ ಕೇಳಿ. ಒಳ್ಳೆಯವರು ಕೇಳಿದ ಕೂಡಲೇ ಕೊಡುತ್ತಾರೆ. ಇನ್ನೊಂದು ಮಾತು. ಊರಿಗೆ ಬರುವ ಹುಡುಗ ಎಷ್ಟೇ ಒಳ್ಳೆಯವನಾಗಿರಲಿ, ವರ್ಷದೊಳಗೆ ಕೆಲಸ ಬದಲಿಸಬಹುದು. ಅವನ ಮೇಲಿನವರ ಹೆಸರು, ನಂಬರ್ ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ಈಗ ನೀರಿನ ಯಂತ್ರದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್. ಹಾಗಾಗಿ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಕೊಡುತ್ತೇವೆ ಅಂದರೆ ಎಲ್ಲರಿಗೂ ಖುಷಿ. ಆದರೆ ಗಡಸು ನೀರಿಗೆ ಅದರ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಬೇಗ ಕಟ್ಟಿಕೊಳ್ಳುತ್ತದೆ. ಒಳಗೆ ಹೋದ ನೀರಿನಲ್ಲಿ ಒಂದು ಪಾಲು ಉಪ್ಪು, ಫ್ಲೋರೈಡ್ ಹೊತ್ತುಕೊಂಡು ಹೊರಗೆ ಹರಿಯುತ್ತದೆ. ಅದನ್ನು ಶೌಚಾಲಯಕ್ಕೆ ತಿರುಗಿಸಲು ಪೈಪ್ ಬೇಕು. ಕರೆಂಟ್ ಬಿಲ್ ಜಾಸ್ತಿಯಾಗುತ್ತದೆ. ವಾರಂಟಿ ಮುಗಿದ ಮೇಲೆ ಕೆಟ್ಟರೆ ಅದು ಬಟ್ಟೆ ಹೊದಿಸಿದ ಪೆಟ್ಟಿಗೆ, ಅಷ್ಟೇ. ಮೂಲೆಯಲ್ಲಿ ಅಂಥ ಪೆಟ್ಟಿಗೆ ಇಲ್ಲದ ಶಾಲೆ ನೋಡಿದವರು ಕಡಿಮೆ, ಅಲ್ವಾ?

ಅದಕ್ಕೇ ಯಂತ್ರ ಇಳಿಸುವ ಮೊದಲು ಒಂದು ಪುಟ ಬರೆಸಿ. ಕನ್ನಡದಲ್ಲಿ, ಅಡುಗೆಯವರಿಗೂ ಅರ್ಥವಾಗುವಂತೆ. ಬೀಗದ ಕೈ ಯಾರ ಹತ್ತಿರ? ರಜೆಯಲ್ಲಿ ಯಂತ್ರ ಯಾರು ನೋಡುತ್ತಾರೆ? ಬಿಲ್ ಪಂಚಾಯ್ತಿ ಕಟ್ಟುತ್ತದೋ, ಕಂಪನಿಯೋ? ಮೆಂಬ್ರೇನ್ ಬದಲಿಸಲು ಯಾರಿಗೆ ಫೋನ್ ಮಾಡಬೇಕು, ಎಷ್ಟು ದಿನದೊಳಗೆ ಬರಬೇಕು? ಯಂತ್ರದಿಂದ ಬರುವ ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆ ಯಾರು ಮಾಡಿಸುತ್ತಾರೆ? ಟಿಡಿಎಸ್ ಮೀಟರ್ ತೋರಿಸಿ "ನೀರು ಚೆನ್ನಾಗಿದೆ" ಅಂದರೆ ಒಪ್ಪಬೇಡಿ. ಅದು ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ಅಳೆಯುತ್ತದೆ, ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ಪಂಚಾಯ್ತಿ ಕಟ್ಟುತ್ತದೆ ಅಂತ ಬರೆಯುವುದಾದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಸಹಿಯೂ ಬೇಕು. ಇಲ್ಲದಿದ್ದರೆ ಆ ಸಾಲು ನಂಬಿಕೊಂಡು ಕೂರಬೇಡಿ.

"ನಿರ್ವಹಣೆಗೆ ದುಡ್ಡಿಲ್ಲ, ಈ ವರ್ಷಕ್ಕಷ್ಟೇ ಬಜೆಟ್" ಎಂದು ಕಂಪನಿಯವರು ಹೇಳಬಹುದು. ಇದಕ್ಕೆ ನಿಯಮದಲ್ಲೇ ದಾರಿ ಇದೆ. ಕೆಲಸವನ್ನು ಮುಂದುವರಿಯುವ ಯೋಜನೆ ಎಂದು ತೋರಿಸಿದರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ನಡೆಸಬಹುದು. ಉಳಿದ ದುಡ್ಡನ್ನು ಬೇರೆ ಖಾತೆಗೆ ಹಾಕಿ ಖರ್ಚು ಮಾಡಬಹುದು. ಮರ್ಯಾದೆಯಿಂದ ಕೇಳಿ. ಎದುರಿಗೆ ಕೂತವರಿಗೆ ಇದು ಗೊತ್ತಿಲ್ಲದಿದ್ದರೂ ಅವರ ಲೆಕ್ಕದ ವಿಭಾಗಕ್ಕೆ ಗೊತ್ತಿರುತ್ತದೆ.

ಬಂದ ಸಾಮಾನನ್ನು ಅದೇ ದಿನ ದಾಸ್ತಾನು ಪುಸ್ತಕಕ್ಕೆ ಏರಿಸಿ. ಕೋಣೆ ಕಟ್ಟುವ ಕೆಲಸವಾದರೆ ಇಲಾಖೆಯ ಅನುಮತಿ, ಎಂಜಿನಿಯರ್ ಅಂದಾಜು ಇಲ್ಲದೆ ಗುದ್ದಲಿ ಹಿಡಿಯಲು ಬಿಡಬೇಡಿ.

ಬರೀ ನಾವು ಕೇಳುತ್ತಾ ಕೂತರೂ ಆಗದು. ಕಂಪನಿಯ ಹುಡುಗಿಗೂ ಮೇಲಿನವರಿಗೆ ವರದಿ ಕೊಡಬೇಕಿರುತ್ತದೆ. ಖರ್ಚಿನ ಪತ್ರ, ಫೋಟೋ, ಎಷ್ಟು ಮಕ್ಕಳು ನೀರು ಕುಡಿಯುತ್ತಾರೆ ಎಂಬ ಲೆಕ್ಕ, ಎಲ್ಲ ಅವಳು ಕೇಳುವ ಮೊದಲೇ ಕಳಿಸಿ. ಯಂತ್ರ ಕೆಟ್ಟರೆ ಅದನ್ನೂ ಅದೇ ದಿನ ಹೇಳಿ. ಮುಚ್ಚಿಟ್ಟರೆ ಅವಳು ಮುಂದಿನ ಸಲ ದೊಡ್ಡವರನ್ನು ಕರೆತಂದಾಗ ಅವರೆದುರು ತಲೆ ತಗ್ಗಿಸುವುದು ಅವಳೇ.

ಫೋಟೋದ ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಮಕ್ಕಳು ಪಾಠ ಕೇಳುವಾಗ, ನೀರು ಕುಡಿಯುವಾಗ ತೆಗೆಯಲಿ, ಮನೆಯವರನ್ನು ಕೇಳಿ ತೆಗೆಯಲಿ. ಬ್ಯಾನರ್ ಹಿಡಿಸಿ ಬಿಸಿಲಲ್ಲಿ ಸಾಲಾಗಿ ನಿಲ್ಲಿಸುವುದಕ್ಕೆ ನಾನು ಒಪ್ಪಿದ್ದಿಲ್ಲ. ಸ್ವಯಂಸೇವಕರು ಗೋಡೆಗೆ ಬಣ್ಣ ಬಳಿಯಲು ಬರುತ್ತೇವೆ ಅಂದರೆ ಪರೀಕ್ಷೆ ದಿನ ಬಿಟ್ಟು ಕರೆಯಿರಿ. ಹೋದ ವರ್ಷವಷ್ಟೇ ಬಳಿದ ಗೋಡೆಯಾದರೆ ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಹಾಕಲು ಹೇಳಿ. ಬೇಡ ಅನ್ನುವುದಿಲ್ಲ, ಅವರಿಗೂ ಏನಾದರೂ ಮಾಡಿ ಹೋಗುವ ಆಸೆ ಇರುತ್ತದೆ.